ಬೆನ್ನ ಹಿಂದಿನ ಕೈ

ನನ್ನನ್ನು ಈಗ ಮೆಂಟರ್ ಎನ್ನುತ್ತಾರೆ. ಆ ಮಾತು ನನಗಿನ್ನೂ ಒಗ್ಗಿಲ್ಲ. ಜಯನಗರದ ಒಂದು ಮನೆಯ ಕೆಳಮಹಡಿಯಲ್ಲಿ ಪುಟ್ಟ ಮಕ್ಕಳ ಶಾಲೆ ನಡೆಸುತ್ತಿದ್ದಷ್ಟು ಕಾಲವೂ ನಾನು ಬರೀ ‘ಮಿಸ್’ ಆಗಿದ್ದೆ. ನೆಲದ ಮೇಲೆ ಕೂತರೆ ಏಳುವುದಕ್ಕೆ ಮಕ್ಕಳೇ ಕೈಹಿಡಿದು ಎಳೆಯಬೇಕು ಎನ್ನುವ ಮಟ್ಟಕ್ಕೆ ಮಂಡಿನೋವು ಬಂದ ಮೇಲೆ ಶಾಲೆ ಮುಚ್ಚಿದೆ. ಇನ್ನು ಸೊಪ್ಪು ಬಿಡಿಸಿಕೊಂಡು, ಸಂಜೆ ಪಾರ್ಕಿನಲ್ಲಿ ಒಂದು ಸುತ್ತು ಹಾಕಿಕೊಂಡು ಇದ್ದುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಪರಿಚಯದ ತರಬೇತಿ ಕೇಂದ್ರದವರು ಹಿಡಿದುಕೊಂಡರು. ಪ್ಲೇಹೋಮ್‌ಗಳಲ್ಲಿ ಎಷ್ಟೋ ಹೆಂಗಸರು ಆಗಲೇ ಪಾಠ ಮಾಡುತ್ತಿದ್ದಾರೆ, ಆದರೆ ಅವರ ಕೈಯಲ್ಲಿ ಡಿಪ್ಲೊಮಾ ಇಲ್ಲ. ವಾರಕ್ಕೊಂದು ದಿನ ಅವರ ತರಗತಿಗೇ ಹೋಗಿ, ಮೂಲೆಯಲ್ಲಿ ಕೂತು ನೋಡಿ, ತಪ್ಪು ತಿದ್ದಿ, ಪರೀಕ್ಷಕರು ಬರುವ ದಿನಕ್ಕೆ ಅವರನ್ನು ಸಿದ್ಧ ಮಾಡಬೇಕು ಎಂದರು. ಕುರ್ಚಿ ಕೊಡುವುದಾದರೆ ಬರುತ್ತೇನೆ ಎಂದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ, ಮಂಡಿಗೆ ರಿಟೈರ್‌ಮೆಂಟ್ ಆಯಿತು, ಬಾಯಿಗೆ ಎಕ್ಸ್‌ಟೆನ್ಷನ್ ಸಿಕ್ಕಿತು ಎಂದರು.

ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಒಂದೇ ಪಾಠ: ಕೈ ಹಿಂದೆ ಕಟ್ಟಿಕೊಳ್ಳುವುದು. ನಮ್ಮ ಪದ್ಧತಿಯಲ್ಲಿ ಮಗುವಿಗೆ ಒಂದು ಕೆಲಸವನ್ನು ಒಂದು ಸಲ ನಿಧಾನವಾಗಿ ಮಾಡಿ ತೋರಿಸಿ ಎದ್ದುಬಿಡಬೇಕು. ಆಮೇಲೆ ಮಗು ನೀರು ಚೆಲ್ಲಲಿ, ಗುಂಡಿ ತಪ್ಪಾಗಿ ಹಾಕಿಕೊಳ್ಳಲಿ, ನಾವು ಕೈಹಾಕಬಾರದು. ಹೇಳುವುದಕ್ಕೆ ಸುಲಭ. ಎದುರಿಗೆ ಮಗು ಒದ್ದಾಡುತ್ತಿದ್ದರೆ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಅದಕ್ಕೇ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ ಎಂದು ನಾನು ಹೇಳುವುದು. ತೀರಾ ಚಡಪಡಿಸುವವರಿಗೆ ದುಪಟ್ಟಾದ ತುದಿಯನ್ನೋ ಸೆರಗನ್ನೋ ಹಿಂದೆ ಬಿಗಿಯಾಗಿ ಹಿಡಿದುಕೊಳ್ಳಿ ಎನ್ನುತ್ತೇನೆ.

ನಾನು ಹೇಳಹೊರಟಿರುವುದು ಆ ಪಾಠವನ್ನು ಎಲ್ಲರಿಗಿಂತ ಕಷ್ಟಪಟ್ಟು ಕಲಿತ ಒಬ್ಬಳ ಬಗ್ಗೆ. ಜೆಪಿ ನಗರದ ಎಂಟನೇ ಹಂತದ ಒಂದು ಪ್ಲೇಹೋಮ್‌ನಲ್ಲಿ ಕೆಲಸ, ಮನೆ ಗೊಟ್ಟಿಗೆರೆ ಹಳೇ ಊರಿನಲ್ಲಿ. ಗಂಡ ಕ್ಯಾಬ್ ಓಡಿಸುತ್ತಾನೆ, ಮನೆಯಲ್ಲಿ ಅತ್ತೆ ಇದ್ದಾರೆ. ಮೊದಲು ಸೇರಿದ್ದು ಆಯಾ ಆಗಿ. ಮಕ್ಕಳನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುವುದು, ಟಿಫಿನ್ ಡಬ್ಬಿ ಬಿಚ್ಚಿಕೊಡುವುದು. ವರ್ಷದ ನಡುವೆ ಒಬ್ಬ ಟೀಚರ್ ಬಿಟ್ಟುಹೋದಾಗ, ಹೇಗೂ ಪಿಯುಸಿ ಪಾಸಾಗಿದೆ, ಒಂದು ತಿಂಗಳು ಕ್ಲಾಸ್ ನೋಡಿಕೋ ಎಂದು ಶಾಲೆಯ ಒಡತಿ ಇವಳನ್ನು ಒಳಗೆ ಕಳಿಸಿದ್ದರು. ಒಂದು ತಿಂಗಳು ಎಂದದ್ದು ಹಾಗೇ ಮುಂದುವರಿಯಿತು. ದೊಡ್ಡ ಗಂಟಲು, ದೊಡ್ಡ ನಗು, ಯಾವಾಗಲೂ ಓಡುನಡಿಗೆ. ನಾನು ಮೊದಲ ದಿನ ಹೋದಾಗ ಒಂದು ಮಗುವಿನ ಮೂಗು ಒರೆಸುತ್ತಾ, ಇನ್ನೊಂದರ ಚಡ್ಡಿ ಏರಿಸುತ್ತಾ, ಮೂರನೆಯದಕ್ಕೆ ಪದ್ಯ ಹೇಳಿಕೊಡುತ್ತಿದ್ದಳು. ಈಕೆಯ ಕೈ ಕಟ್ಟುವುದು ನನ್ನಿಂದಾಗದ ಕೆಲಸ ಎಂದು ಅಲ್ಲೇ ಅನ್ನಿಸಿತು.

ಆದರೂ ಕಲಿತಳು. ಕಲಿಯಲೇಬೇಕಿತ್ತು. ಜೂನ್‌ನಿಂದ ಡಿಪ್ಲೊಮಾ ಇದ್ದವರು ಮಾತ್ರ ಕ್ಲಾಸಿನಲ್ಲಿ, ಇಲ್ಲದಿದ್ದರೆ ಹಳೇ ಕೆಲಸಕ್ಕೇ ವಾಪಸ್ಸು ಎಂದು ಒಡತಿ ಹೇಳಿಯಾಗಿತ್ತು. ಅವರದೂ ತಪ್ಪಿಲ್ಲ, ಸೇರಿಸಲು ಬರುವ ತಂದೆತಾಯಿಯರು ಮೊದಲು ಕೇಳುವುದೇ ಟೀಚರ್ ಕ್ವಾಲಿಫೈಡಾ ಎಂದು. ಟಿಫಿನ್ ಡಬ್ಬಿ ತೆಗೆಯೋದೂ ಕೆಲಸಾನೇ ಮೇಡಂ, ಕೀಳಲ್ಲ ಎಂದು ಒಂದು ದಿನ ಇವಳೇ ನನಗೆ ಹೇಳಿದಳು. ಬೇರೆ ಏನೋ ಹೇಳುವುದಿತ್ತು, ಆಮೇಲೆ ಅದನ್ನೂ ಹೇಳಿದಳು.

ಅವಳ ಮಗಳೂ ಅದೇ ಪ್ಲೇಹೋಮ್‌ನಲ್ಲಿ, ಪಕ್ಕದ ಸೆಕ್ಷನ್ನಿನಲ್ಲಿ ಎಲ್‌ಕೆಜಿ. ಟೀಚರಿಗೆ ‘ಮಿಸ್’, ಆಯಾಗೆ ‘ಆಂಟಿ’ ಎನ್ನುವುದು ಅಲ್ಲಿಯ ಪದ್ಧತಿ. ಶಾಲೆಯಲ್ಲಿ ಅಮ್ಮ ಅನ್ನಬಾರದು, ಬೇರೆ ಮಕ್ಕಳಿಗೆ ಮನೆ ನೆನಪಾಗಿ ಅಳು ಬರುತ್ತದೆ ಎಂದು ಆ ಮಗುವಿಗೆ ಹೇಳಿದ್ದರು. ಮಗು ಎಷ್ಟು ಚೆನ್ನಾಗಿ ಕಲಿಯಿತೆಂದರೆ, ತಾಯಿ ಕ್ಲಾಸ್ ತೆಗೆದುಕೊಳ್ಳಲು ಶುರುಮಾಡಿದ ಮೇಲೂ ಮಿಕ್ಕ ಮಕ್ಕಳ ಹಾಗೆ ಆಂಟಿ ಎಂದೇ ಕರೆಯುತ್ತಿತ್ತು. ಮನೆಯಲ್ಲೂ ಒಂದೊಂದು ಸಲ ನಿದ್ದೆಗಣ್ಣಿನಲ್ಲಿ ‘ಆಂಟಿ, ನೀರು’ ಎನ್ನುತ್ತದಂತೆ. ಇದನ್ನು ಹೇಳುವಾಗ ಅವಳು ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

“ಮಿಸ್ ಅನ್ನಿಸ್ಕೋಬೇಕು ಮೇಡಂ, ಅಷ್ಟೇ,” ಎಂದಳು. “ಅವಳ ಬಾಯಲ್ಲಿ ಒಂದ್ಸಲ.”

ನಾನು ಸಿಡುಕಿನವಳು. ಸರಿ ಸರಿ, ಮೊದಲು ಕೈ ಹಿಂದೆ ಇಡುವುದನ್ನು ಕಲಿ, ಬಾಕಿಯೆಲ್ಲ ಆಮೇಲೆ ಎಂದು ಗದರಿಸಿದೆ. ಆಟೋದಲ್ಲಿ ಮನೆಗೆ ಬರುತ್ತಾ ಕಣ್ಣು ಒರೆಸಿಕೊಂಡೆ.

ಗೊಂದಲ ಶುರುವಾದದ್ದು ಅಕ್ಕಿಯಿಂದ. ನಮ್ಮಲ್ಲಿ ಒಂದು ಚಟುವಟಿಕೆ ಇದೆ. ತಟ್ಟೆಯಲ್ಲಿ ಎರಡು ಬಟ್ಟಲು, ಒಂದರಲ್ಲಿ ಅಕ್ಕಿ. ಚಮಚದಲ್ಲಿ ತೆಗೆದು ಇನ್ನೊಂದಕ್ಕೆ ಹಾಕಬೇಕು, ಚೆಲ್ಲಬಾರದು. ಮಗುವಿನ ಬೆರಳುಗಳು ಪಳಗಲಿ ಎಂದು. ಇವಳು ಎಲ್ಲವನ್ನೂ ಸರಿಯಾಗಿ ತೋರಿಸಿದಳು, ಎದ್ದು ನಿಂತಳು, ಕೈ ಹಿಂದೆ ಕಟ್ಟಿದಳು. ಒಬ್ಬ ಹುಡುಗ ಎಡಗೈಯಲ್ಲಿ ಚಮಚ ಹಿಡಿದ. ತಕ್ಷಣ ಇವಳು ಬಗ್ಗಿ, ‘ಬಲಗೈ ಕಂದಾ’ ಎಂದು ಚಮಚವನ್ನು ಆ ಕೈಗೆ ಬದಲಾಯಿಸಿ ಮತ್ತೆ ನೆಟ್ಟಗೆ ನಿಂತಳು. ತಾನು ಏನೋ ಮಾಡಿದೆ ಎನ್ನುವುದೇ ಅವಳಿಗೆ ಗೊತ್ತಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಪ್ರಸಾದಕ್ಕೆ ಬಲಗೈ, ಹುಟ್ಟುಹಬ್ಬದ ಚಾಕಲೇಟಿಗೆ ಬಲಗೈ, ಟಾಟಾ ಮಾಡುವುದಕ್ಕೂ ಬಲಗೈ. ನಮ್ಮ ಕಡೆ ಮಗು ಕೈ ಚಾಚಿದರೆ ಸಾಕು, ಸುತ್ತಲಿನ ನಾಲ್ಕು ಜನ ಒಟ್ಟಿಗೇ ತಿದ್ದುತ್ತಾರೆ.

ಕ್ಲಾಸ್ ಮುಗಿದ ಮೇಲೆ ಕೂರಿಸಿಕೊಂಡು ಹೇಳಿದೆ. ಯಾವ ಕೈ ಎನ್ನುವುದು ಮಗುವಿನೊಳಗಿಂದ ಬರುವಂಥದ್ದು, ನಾವು ತಿದ್ದುವ ವಿಷಯವಲ್ಲ, ಪರೀಕ್ಷಕರ ಮುಂದೆ ಇದನ್ನು ಮಾಡಿದರೆ ಗೋತಾ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ಕೇಳಿದಳು.

“ಮೇಡಂ, ಸ್ಕೂಲಲ್ಲಿ ಅಕ್ಕಿ ಎಡಗೈಲಿ ಹಾಕ್ಲಿ, ನಾನ್ ಬೇಡ ಅನ್ನಲ್ಲ. ಊಟ?”

ಅವಳ ಮಗಳು ಎಡಚಿ. ಮನೆಯಲ್ಲಿ ಊಟಕ್ಕೆ ಕೂತಾಗ ಅಜ್ಜಿ ಆ ಮಗುವಿನ ಎಡಗೈಯನ್ನು ತೊಡೆಯ ಕೆಳಗೆ ಇಡಿಸುತ್ತಾರಂತೆ. ಕೈ ಮೇಲೆ ತಾನೇ ಕೂತು, ಇನ್ನೊಂದು ಕೈಯಲ್ಲಿ ತಿನ್ನಬೇಕು. ಬೈಯುವುದಿಲ್ಲ, ಹೊಡೆಯುವುದಿಲ್ಲ, ನೆನಪಿಸುತ್ತಾರೆ ಅಷ್ಟೆ. ಎಡಗೈಯಲ್ಲಿ ಉಂಡರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎನ್ನುವುದು ಅವರ ಮಾತು. ಅತ್ತೆ ಊರಲ್ಲಿಲ್ಲದಾಗ ತಾನೂ ನೆನಪಿಸುತ್ತೇನೆ ಎಂದಳು.

ನಾನೂ ಹುಟ್ಟಾ ಎಡಚಿ. ನಮ್ಮಮ್ಮ ಊಟಕ್ಕೆ ಬಡಿಸುವ ಮೊದಲು ನನ್ನ ಎಡಮುಷ್ಟಿಯೊಳಗೆ ಒಂದು ಹುಣಸೆಬೀಜ ಇಡುತ್ತಿದ್ದಳು. ಊಟ ಮುಗಿಯುವವರೆಗೆ ಅದು ಬೀಳಬಾರದು. ಬಿದ್ದರೆ ಅಂದು ಮೊಸರನ್ನ ಇಲ್ಲ. ಬೀಜ ಬೀಳಿಸದೆ ಬಲಗೈಯಲ್ಲಿ ಉಣ್ಣುವುದನ್ನು ಕಲಿತೆ, ಆಮೇಲೆ ಬಲಗೈಯಲ್ಲೇ ಬರೆಯುವುದನ್ನೂ ಕಲಿತೆ. ತರಕಾರಿ ಹೆಚ್ಚುವುದು, ಬೀಗ ತೆಗೆಯುವುದು, ಕೋಪ ಬಂದಾಗ ಬಾಗಿಲು ದೂಡುವುದು ಇವತ್ತಿಗೂ ಎಡಗೈ. ಊಟಕ್ಕೆ ಕೂತರೆ ಎಡಗೈ ತಾನಾಗಿಯೇ ಮುಷ್ಟಿಯಾಗುತ್ತದೆ. ಒಳಗೆ ಬೀಜ ಇಲ್ಲ.

ಇದರಿಂದ ನನಗೇನಾದರೂ ಹೋಯಿತೇ? ಬದುಕಿದೆ, ಶಾಲೆ ಕಟ್ಟಿದೆ, ಬೇರೆಯವರಿಗೆ ಬುದ್ಧಿ ಹೇಳಿದೆ. ಅಮ್ಮ ಕೆಟ್ಟವಳಲ್ಲ, ನಾಲ್ಕು ಜನರ ಮುಂದೆ ಮಗಳಿಗೆ ಅವಮಾನವಾಗದಿರಲಿ ಎಂದು ಮಾಡಿದವಳು. ಆದರೂ ನನ್ನ ಶಾಲೆಯಲ್ಲಿ ಒಂದೇ ಒಂದು ಎಡಚ ಮಗುವಿನ ಕೈಯನ್ನೂ ನಾನು ತಿದ್ದಿದವಳಲ್ಲ. ಯಾರಾದರೂ ತಿದ್ದಿದರೆ ಮೈಯೆಲ್ಲ ಉರಿಯುತ್ತಿತ್ತು. ಸರಿ, ಹಾಗಾದರೆ ನಾನು ಆ ಕಡೆಯವಳು ಎಂದುಕೊಂಡರೆ, ಮಾರನೆಯ ಬೆಳಗ್ಗೆ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಹೂವಿನಾಕೆಗೆ ಮರೆತು ಎಡಗೈಯಲ್ಲಿ ದುಡ್ಡು ಚಾಚಿದೆ. ಬೋಣಿ ಹೊತ್ತಲ್ಲಿ ಹೀಗ್ ಮಾಡ್ತೀರಲ್ಲಮ್ಮ ಎಂದು ಅವಳು ಮುಖ ಹಿಂಡಿದಳು. ನಾನು ನಾಚಿ, ತಪ್ಪಾಯಿತು ಕಣಮ್ಮ ಎಂದು ಕೈ ಬದಲಾಯಿಸಿದೆ. ನನಗೆ ನಿಜವಾಗಿಯೂ ತಪ್ಪು ಮಾಡಿದೆ ಎಂದೇ ಅನ್ನಿಸಿತ್ತು.

ಇಂಥವಳು ಅವಳಿಗೆ ಏನು ಹೇಳಬೇಕು? ಊಟ ನಿಮ್ಮ ಮನೆ ವಿಷಯ, ನನಗೆ ಪರೀಕ್ಷೆಯ ವಿಷಯ ಮಾತ್ರ ಸಾಕು, ಕ್ಲಾಸಿನಲ್ಲಿ ಯಾವ ಮಗುವಿನ ಕೈಯನ್ನೂ ಮುಟ್ಟಬೇಡ ಎಂದೆ. ಅವಳು ಅದನ್ನು ವೇದವಾಕ್ಯ ಮಾಡಿಕೊಂಡಳು. ಮುಂದಿನ ವಾರಗಳಲ್ಲಿ ಹೋದಾಗಲೆಲ್ಲ ನೋಡುತ್ತಿದ್ದೆ, ಮಕ್ಕಳು ಯಾವ ಕೈಯಲ್ಲಿ ಏನು ಮಾಡಿದರೂ ಸೆರಗಿನ ತುದಿಯನ್ನು ಹಿಂದೆ ಹಿಡಿದುಕೊಂಡು ಕಂಬದ ಹಾಗೆ ನಿಂತಿರುತ್ತಿದ್ದಳು. ಮಕ್ಕಳು ಬಲು ಬೇಗ ಕಲಿಯುತ್ತವೆ, ಬೇಡದ್ದನ್ನು ಇನ್ನೂ ಬೇಗ. ಆಟದ ಹೊತ್ತಿನಲ್ಲಿ ಒಂದಿಬ್ಬರು ಅವಳ ಥರವೇ ಕೈ ಹಿಂದೆ ಕಟ್ಟಿಕೊಂಡು ಇನ್ಸ್‌ಪೆಕ್ಟರ್ ಗತ್ತಿನಲ್ಲಿ ಓಡಾಡುತ್ತಿದ್ದರು. ಅವರಲ್ಲಿ ಪಕ್ಕದ ಸೆಕ್ಷನ್ನಿನ ಅವಳ ಮಗಳೂ ಒಬ್ಬಳು. ನೋಡಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಪರೀಕ್ಷಕಿ ಬರುವ ದಿನ ನಾನು ಬೇಗನೇ ಹೋದೆ. ಗೇಟಿನಲ್ಲೇ ಇವಳು ಬಿಳುಚಿದ ಮುಖ ಮಾಡಿಕೊಂಡು ನಿಂತಿದ್ದಳು. ಪಕ್ಕದ ಸೆಕ್ಷನ್ನಿನ ಟೀಚರಿಗೆ ಹುಷಾರಿಲ್ಲ, ಎರಡೂ ಸೆಕ್ಷನ್ನನ್ನು ಒಟ್ಟಿಗೆ ಕೂರಿಸಿಕೊಳ್ಳಿ ಎಂದು ಒಡತಿ ಹೇಳಿಬಿಟ್ಟಿದ್ದರು. ಅಂದರೆ ಅವಳ ಮಗಳೂ ಅದೇ ಕೋಣೆಯಲ್ಲಿ. ಹತ್ತರ ಜೊತೆಗೆ ಹನ್ನೊಂದು, ನಿನಗೆ ಎಲ್ಲರೂ ಮಕ್ಕಳೇ ಎಂದು ಧೈರ್ಯ ಹೇಳಿದೆ. ಪರೀಕ್ಷಕಿ ಬಂದರು. ನನ್ನದೇ ವಯಸ್ಸಿನ, ತೆಳ್ಳಗಿನ, ಮೆಲುಮಾತಿನ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟು, ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಆರಾಮವಾಗಿ ಕೂತರು. ಮಂಡಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಅಂದು ಅವಳು ಮಾಡಿದ್ದನ್ನು ನಾನು ನನ್ನ ಒಳ್ಳೆಯ ದಿನಗಳಲ್ಲೂ ಮಾಡಿರಲಿಕ್ಕಿಲ್ಲ. ಚಾಪೆ ಬಿಡಿಸಿದ್ದು, ತಟ್ಟೆ ತಂದಿದ್ದು, ಒಂದು ಮಾತೂ ಆಡದೆ ಚಮಚ ಎತ್ತಿ ಅಕ್ಕಿ ಹಾಕಿ ತೋರಿಸಿದ್ದು ಎಲ್ಲ ಸೊಗಸಾಗಿತ್ತು. ಆ ದೊಡ್ಡ ಗಂಟಲು ಎಲ್ಲಿಗೆ ಹೋಗಿತ್ತೋ. ಒಬ್ಬ ಹುಡುಗ ಎಡಗೈಯಲ್ಲಿ ಚಮಚ ಹಿಡಿದ, ಇವಳು ಮಿಸುಕಲಿಲ್ಲ. ಪರೀಕ್ಷಕಿಯ ಮುಖದಲ್ಲಿ ಒಪ್ಪಿಗೆ ಕಾಣಿಸಿತು. ಗೆದ್ದಳು ಎಂದುಕೊಂಡೆ.

ಆ ಹುಡುಗ ತಟ್ಟೆಯನ್ನು ವಾಪಸ್ಸು ಕಪಾಟಿನಲ್ಲಿಟ್ಟ. ಅವಳ ಮಗಳು ಎದ್ದು ಹೋಗಿ ಅದೇ ತಟ್ಟೆಯನ್ನು ತಂದು ಚಾಪೆಯ ಮೇಲೆ ಕೂತಳು. ಅಲ್ಲಿಯವರೆಗೆ ಎಡಗೈಯಲ್ಲಿ ಲೀಲಾಜಾಲವಾಗಿ ಮಣಿ ಪೋಣಿಸುತ್ತಿದ್ದ ಮಗು. ಬಟ್ಟಲಿನಲ್ಲಿ ಅಕ್ಕಿ ಕಂಡದ್ದೇ ತಡ, ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಸರಿಯಾಗಿ ಕೂತುಕೊಂಡಿತು. ಬಲಗೈಯಲ್ಲಿ ಚಮಚ ಹಿಡಿಯಿತು. ಅಕ್ಕಿ ಚಾಪೆಯ ಮೇಲೆಲ್ಲ ಚೆಲ್ಲಿತು. ಹೆಕ್ಕಿ ಬಟ್ಟಲಿಗೆ ಹಾಕಿ ಮತ್ತೆ ಶುರುಮಾಡಿತು, ಮತ್ತೆ ಚೆಲ್ಲಿತು. ತಲೆ ಎತ್ತಿ ತಾಯಿಯ ಮುಖ ನೋಡಿತು.

ನಾನು ಅವಳ ಹಿಂದೆ ಕೂತಿದ್ದೆ. ನನಗೆ ಕಂಡದ್ದು ಅವಳ ಮುಖವಲ್ಲ, ಬೆನ್ನ ಹಿಂದಿನ ಕೈಗಳು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿತ್ತು, ಬೆರಳ ತುದಿಗಳು ಬೆಳ್ಳಗಾಗಿದ್ದವು. ಆ ಕೈ ಎಳೆದುಕೋ ಪುಟ್ಟಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದ್ದರೆ ಅದು ಮಗುವಿನ ಕೆಲಸದಲ್ಲಿ ಕೈಹಾಕಿದ ಹಾಗೆ. ನಾನು ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು. ಅದನ್ನು ನೋಡುತ್ತಾ, ಏನನ್ನು ಕಲಿಸಿದೆ ನಾನು ಎಂದು ನನಗೇ ತಿಳಿಯದೆ ಹೋಯಿತು.

ಪರೀಕ್ಷಕಿ ಎದ್ದು ಬಂದು ಮಗುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಪುಟ್ಟಾ, ಆ ಕೈ ಯಾಕೆ ಕೆಳಗಿಟ್ಟುಕೊಂಡಿದ್ದೀಯಾ ಎಂದು ಕೇಳಿದರು.

“ಇದು ಅಕ್ಕಿ ಅಲ್ವಾ,” ಎಂದಿತು ಮಗು. “ಅದು ಊಟದ ಕೈ ಅಲ್ಲ.”

ಮಕ್ಕಳು ಮನೆಗೆ ಹೋದ ಮೇಲೆ ನಾವು ಮೂವರು ಟಿಫಿನ್ ಕೋಣೆಯಲ್ಲಿ ಕೂತೆವು. ಸಾಂಬಾರು, ಬಾಳೆಹಣ್ಣು, ಫಿನಾಯಿಲ್ ಎಲ್ಲ ಬೆರೆತ ವಾಸನೆ. ಪರೀಕ್ಷಕಿ ನನ್ನ ಕಡೆ ತಿರುಗಿ, ಆ ಮಗುವಿಗೆ ಯಾರು ಹೀಗೆ ಅಭ್ಯಾಸ ಮಾಡಿಸಿದ್ದಾರೆ, ಶಾಲೆಯಲ್ಲೇ ಆದದ್ದಾ ಎಂದು ಕೇಳಿದರು. ಮಗು ಯಾರದು ಎಂದು ಅವರಿಗೆ ಗೊತ್ತಿರಲಿಲ್ಲ. ಯಾರೋ ಅಜ್ಜಿ ಮನೆಯಲ್ಲಿ ಮಾಡಿಸುತ್ತಾರಂತೆ ಎಂದರೆ ಸುಳ್ಳೇನೂ ಆಗುತ್ತಿರಲಿಲ್ಲ, ಅಲ್ಲಿಗೆ ಮುಗಿಯುತ್ತಿತ್ತು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವಳೇ ಬಾಯಿಬಿಟ್ಟಳು.

“ನಾನೇ ಮೇಡಂ. ಅವಳು ನನ್ ಮಗಳು. ಮನೇಲಿ ನಾನೂ ಹೇಳ್ತೀನಿ, ನಮ್ಮತ್ತೇನೂ ಹೇಳ್ತಾರೆ. ಇಲ್ಲಿ ಯಾರ್ ಮಕ್ಕಳ ಕೈನೂ ನಾನ್ ಮುಟ್ಟಲ್ಲ.”

ಬೇರೆ ಮಕ್ಕಳಿಗೆ ಸರಿಯಲ್ಲದ್ದು ನಿಮ್ಮ ಮಗಳಿಗೆ ಹೇಗೆ ಸರಿ ಎಂದು ಪರೀಕ್ಷಕಿ ಕೇಳಿದರು. ದನಿ ಏರಿಸಲಿಲ್ಲ.

“ಬೇರೆ ಮಕ್ಕಳು ಮಧ್ಯಾಹ್ನ ಮನೆಗೆ ಹೋಗ್ತಾರೆ ಮೇಡಂ. ಇವಳು ನನ್ ಜೊತೇಲೇ ಬರ್ತಾಳೆ. ನಾಳೆ ಮದುವೆ ಮನೇಲಿ ಎಲೆ ಮುಂದೆ ಕೂತಾಗ ನಾಲ್ಕ್ ಜನ ಅಂತಾರಲ್ಲ, ಆಗ ನಾನೊಬ್ಳೇ ಇರ್ತೀನಿ. ನೀವು ಬರ್ತೀರಾ?”

ಜಂಬದಿಂದ ಕೇಳಿದ್ದಲ್ಲ. ಬರುವುದಾದರೆ ಬಿಟ್ಟುಬಿಡುತ್ತೇನೆ ಎನ್ನುವ ಹಾಗೆ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಪರೀಕ್ಷಕಿ ಇಲ್ಲ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಅವಳನ್ನು ಹೊರಗೆ ಕಳಿಸಿ, ನನ್ನನ್ನು ಕೇಳಿದರು. ಇಷ್ಟು ತಿಂಗಳು ನೋಡಿದವರು ನೀವು, ಈಕೆಗೆ ಈ ಪದ್ಧತಿ ಅರ್ಥವಾಗಿದೆಯೋ ಇಲ್ಲವೋ? ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ ಎಂದರು.

ಒಬ್ಬಳ ಜೂನ್ ತಿಂಗಳು ನನ್ನ ನಾಲಿಗೆಯ ಮೇಲಿತ್ತು. ಚೆನ್ನಾಗಿ ಅರ್ಥವಾಗಿದೆ ಎಂದು ಹೇಳಬೇಕಾದ ಜಾಗ ಅದು, ಹಾಗೆ ಹೇಳಲಿಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದು. ಆದರೆ ಕೋಣೆಯ ಆಚೆ ಅವಳು ಮಗಳ ಕೈಯಲ್ಲಿದ್ದ ಬಾಟಲಿಗೆ ನೀರು ತುಂಬಿಸಿಕೊಡುತ್ತಿದ್ದುದು ಕಾಣುತ್ತಿತ್ತು. ಮಗು ಬಾಟಲಿ ಹಿಡಿದಿದ್ದದ್ದು ಎಡಗೈಯಲ್ಲಿ.

“ಅರ್ಥ ಆಗಿದೆ ಮೇಡಂ,” ಎಂದೆ. “ಒಪ್ಪಿಗೆ ಆಗಿಲ್ಲ. ಇಷ್ಟ್ ವರ್ಷ ಆದ್ಮೇಲೂ ನನಗೇ ಪೂರ್ತಿ ಆಗಿಲ್ಲ ಅನ್ಸುತ್ತೆ.”

ಅವರು ಬ್ಯಾಗು ತೆಗೆದುಕೊಂಡು, ಕಾಫಿಯನ್ನೂ ಕುಡಿಯದೆ ಹೊರಟುಹೋದರು. ನಾನು ಹೇಳಿದ್ದು ಅವಳಿಗೆ ಉಪಕಾರವೋ ಅಪಕಾರವೋ ಗೊತ್ತಾಗಲಿಲ್ಲ. ಏನ್ ಕೇಳಿದ್ರು ಮೇಡಂ ಎಂದು ಇವಳು ಓಡಿಬಂದಾಗ, ಎಲ್ಲ ಸರಿಹೋಗುತ್ತೆ ಹೋಗು ಎಂದು ಸಿಡುಕಿದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಷ್ಟು ಹೊತ್ತೂ ‘ನೀವು ಬರ್ತೀರಾ’ ಎಂದು ಅವಳು ಕೇಳಿದ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕಟ್ಟಿದೆ, ಒಂದೂ ನಿಲ್ಲಲಿಲ್ಲ. ಮನೆಯಲ್ಲಿ ಯಜಮಾನರಿಗೆ ಹೇಳಿದರೆ, ಎಡವೋ ಬಲವೋ, ಹೊಟ್ಟೆಗೆ ಹೋದರೆ ಆಯಿತಲ್ಲ ಎಂದರು. ಗಂಡಸರಿಗೆ ಎಷ್ಟು ಸುಲಭ ಎಂದು ಮೈ ಪರಚಿಕೊಳ್ಳುವಂತಾಯಿತು. ಅಂದು ರಾತ್ರಿಯ ಊಟಕ್ಕೆ ಬೇಕೆಂದೇ ಎಡಗೈಯಲ್ಲಿ ಅನ್ನ ಕಲಸಿ ನೋಡಿದೆ. ತುತ್ತು ಬಾಯಿಯವರೆಗೆ ಬಂತು, ಬಾಯಿ ತೆರೆಯಲಿಲ್ಲ. ಎದ್ದು ಕೈ ತೊಳೆದುಕೊಂಡು ಬಂದು ಬಲಗೈಯಲ್ಲಿ ಉಂಡೆ.

ರಜೆಯ ದಿನಗಳಲ್ಲಿ ಅವಳು ಆಗಾಗ ಫೋನ್ ಮಾಡುತ್ತಿದ್ದಳು. ರಿಸಲ್ಟ್ ಬಂತಾ ಎಂದು ನೇರವಾಗಿ ಕೇಳದೆ, ಮಂಡಿ ಹೇಗಿದೆ ಮೇಡಂ ಎಂದು ಕೇಳುತ್ತಿದ್ದಳು. ನನ್ನ ಮಂಡಿಯನ್ನು ಆ ಬೇಸಿಗೆಯಲ್ಲಿ ಅಷ್ಟು ವಿಚಾರಿಸಿಕೊಂಡವರು ಬೇರೆ ಯಾರೂ ಇಲ್ಲ.

ಅವಳು ಪಾಸಾದಳು. ಒಳ್ಳೆಯ ದರ್ಜೆಯಲ್ಲೇ ಪಾಸಾದಳು. ಯಾಕೆ ಎಂದು ನನಗೆ ತಿಳಿದಿಲ್ಲ. ನಿಜ ಹೇಳಿದ್ದಕ್ಕೋ, ಅಕ್ಕಿಯ ಪಾಠವನ್ನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೋ, ಇಲ್ಲ ಬರೀ ಮರುಕವೋ. ಒಂದು ದಿನ ತರಬೇತಿ ಕೇಂದ್ರದ ಮೆಟ್ಟಿಲ ಮೇಲೆ ಪರೀಕ್ಷಕಿ ಎದುರಾದರು. ಕೇಳಿಯೇಬಿಡೋಣ ಎಂದು ನಿಂತೆ. ಅವರು ನನ್ನ ಮನಸ್ಸಿನಲ್ಲಿರುವುದು ಗೊತ್ತಾದವರಂತೆ, ನಮ್ಮ ಮೊಮ್ಮಗನೂ ಎಡಚ ಎಂದರು. ಅವರ ಮನೆಯಲ್ಲಿ ಅವನು ಯಾವ ಕೈಯಲ್ಲಿ ಉಣ್ಣುತ್ತಾನೆ ಎಂದು ಕೇಳುವಷ್ಟರಲ್ಲಿ ಚಕಚಕನೆ ಮೆಟ್ಟಿಲು ಹತ್ತಿಹೋದರು. ನನ್ನ ಮಂಡಿಗೆ ಅವರ ಬೆನ್ನುಹತ್ತುವ ತ್ರಾಣವಿರಲಿಲ್ಲ.

ಶಾಲೆ ಶುರುವಾದ ಮೇಲೆ ಒಂದು ಭಾನುವಾರ ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ಅತ್ತೆ ಬೆಳಗ್ಗೆ ಎದ್ದು ಕಾಯೊಬ್ಬಟ್ಟು ತಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಕಳಿಸಿದ್ದರು. ಡಬ್ಬಿಯನ್ನು ಮಗು ತಾನೇ ಹೊತ್ತುಕೊಂಡು ಬಂದಿತ್ತು. ಇವಳು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದಳು, ಟೀಚರ್ ಕಳೆ ಬಂದಿತ್ತು. ಸೋಫಾದ ತುದಿಯಲ್ಲಿ ಕೂತು ಸುದ್ದಿ ಹೇಳಿದಳು. ಕೈಯ ವಿಷಯಕ್ಕೆ ಮನೆಯಲ್ಲಿ ದೊಡ್ಡ ಮಾತುಕತೆಯಾಗಿ ಕೊನೆಗೆ ಒಂದು ರಾಜಿಯಾಗಿದೆಯಂತೆ. ಶಾಲೆಯಲ್ಲಿ ಮಗುವಿಗೆ ಯಾವ ಕೈ ಬರುತ್ತದೋ ಆ ಕೈ, ಟಿಫಿನ್ನಿಗೂ ಅಷ್ಟೆ. ಮನೆಯಲ್ಲಿ ಅಜ್ಜಿ ಹೇಳಿದ ಕೈ. ಯೂನಿಫಾರ್ಮ್ ಇದ್ದಂಗೆ ಮೇಡಂ, ಶಾಲೆಗೊಂದು ಮನೆಗೊಂದು ಎಂದಳು. ಅದು ಸರಿಯೋ ಎಂದು ಅವಳು ನನ್ನನ್ನು ಕೇಳಲಿಲ್ಲ. ಕೇಳದೆ ಇದ್ದದ್ದು ನನಗೆ ಒಳ್ಳೆಯದೇ ಆಯಿತು.

ಈಗ ಎಲ್ಲರೂ ಮಿಸ್ ಅನ್ನುತ್ತಾರಾ ಎಂದು ನಾನೇ ಕೇಳಿದೆ. ಎಲ್ಲ ಮಕ್ಕಳೂ ಅನ್ನುತ್ತಾರೆ, ಒಡತಿಯೂ ಅನ್ನುತ್ತಾರೆ ಎಂದಳು. ಆಮೇಲೆ ಮಗಳ ಕಡೆ ನೋಡಿ ದನಿ ತಗ್ಗಿಸಿದಳು. ಇವಳೊಬ್ಬಳು ಬಿಟ್ಟು. ಆಂಟಿ ಅನ್ನುವುದನ್ನು ನಿಲ್ಲಿಸಿದ್ದಾಳೆ, ಮಿಸ್ ಎಂದೂ ಅನ್ನುವುದಿಲ್ಲ. ಏನಾದರೂ ಬೇಕಾದರೆ ಸುಮ್ಮನೆ ಬಂದು ಸೆರಗು ಎಳೆಯುತ್ತಾಳೆ ಎಂದಳು.

ಕಾಫಿಗೆ ಏಳಬೇಕು, ಅದಕ್ಕೆ ಮೊದಲು ಡಬ್ಬಿ ತೆಗೆದುಕೊಳ್ಳೋಣವೆಂದು ಕೈ ಚಾಚಿದೆ. ಅಜ್ಜಿಗೆ ಕೊಡು ಎಂದು ತಾಯಿ ಮಗಳಿಗೆ ಹೇಳಿದಳು. ಮಗು ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು ಎರಡು ಹೆಜ್ಜೆ ಬಂದು ನಿಂತಿತು. ನನ್ನ ಮುಖ ನೋಡಿತು. ನಾನು ಅದಕ್ಕೆ ಶಾಲೆಯಲ್ಲಿ ನೋಡಿ ಗೊತ್ತಿರುವ ಅಜ್ಜಿ. ಸುತ್ತ ನೋಡಿತು. ದೇವರ ಗೂಡು, ಟಿವಿ, ಊಟದ ಮೇಜು. ಡಬ್ಬಿಯನ್ನು ಬಲಗೈಗೆ ಬದಲಾಯಿಸಿತು. ತಾಯಿಯ ಮುಖ ನೋಡಿತು. ಡಬ್ಬಿ ಮತ್ತೆ ಎಡಗೈಗೆ ಬಂತು. ಕೊನೆಗೆ ಡಬ್ಬಿಯನ್ನು ಮೆಲ್ಲಗೆ ನೆಲದ ಮೇಲಿಟ್ಟು, ನೆಟ್ಟಗೆ ನಿಂತು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು.

“ಮಿಸ್,” ಎಂದಿತು, ತಾಯಿಯ ಕಡೆ ತಿರುಗಿ. “ಇದು ಸ್ಕೂಲಾ, ಮನೇನಾ?”

ಅವಳು ಅಷ್ಟು ದಿನ ಕಾದಿದ್ದ ಮಾತು ಅದು. ನಗಲಿಲ್ಲ. ಅವಳ ಕಣ್ಣು ತುಂಬಿತು, ಉತ್ತರಕ್ಕಾಗಿ ನನ್ನ ಕಡೆ ನೋಡಿದಳು. ಕಲಿಸಿದವಳು ನಾನೇ ತಾನೆ. ನನ್ನ ಎಡಗೈ ಮಡಿಲಲ್ಲಿ ಮುಷ್ಟಿಯಾಗಿತ್ತು. ಒಬ್ಬಟ್ಟಿನ ಡಬ್ಬಿ ನಮ್ಮ ಮೂವರ ನಡುವೆ ನೆಲದ ಮೇಲೆಯೇ ಇತ್ತು, ಬಗ್ಗಿ ಅದನ್ನು ತೆಗೆದುಕೊಳ್ಳಲು ನನ್ನ ಯಾವ ಕೈ ಮುಂದೆ ಬರುತ್ತದೆ ಎಂದು ಮಗು ನೋಡುತ್ತಾ ನಿಂತಿತ್ತು.